ಹಳ್ಳ ಬತ್ತಿದರೂ ಜಾಗ ಹಳ್ಳದ್ದೇ

ಅರ್ಕಾವತಿ ದಂಡೆಯ ಊರುಗಳಿಂದ ಬರುವ ಪತ್ರಗಳಲ್ಲಿ ಬಹುಪಾಲು ಕೇಳುವುದು ಒಂದೇ ಪ್ರಶ್ನೆ: ಬತ್ತಿದ ಹಳ್ಳವನ್ನು ಯಾರೋ ಒತ್ತುವರಿ ಮಾಡಿದ್ದಾರೆ, ಏನು ಮಾಡೋದು? ಬಿಡಿಬಿಡಿಯಾಗಿ ಉತ್ತರ ಬರೆದು ಬರೆದು ಸಾಕಾಗಿದೆ. ಈ ಸಲ ಅದಕ್ಕೇ ಜಾಗ ಜಾಸ್ತಿ ಕೊಟ್ಟಿದ್ದೇನೆ. ಉಳಿದವರು ಬೇಸರ ಮಾಡ್ಕೋಬೇಡಿ. ಸರ್ವೆ ನಂಬರ್ ಅಂದರೇನು, ಪಹಣಿ ಎಲ್ಲಿ ತೆಗೆಸಬೇಕು ಅನ್ನೋದನ್ನೆಲ್ಲ ಇಲ್ಲಿ ಹೇಳೋದಿಲ್ಲ. ಊರಲ್ಲಿ ಯಾರನ್ನು ಕೇಳಿದರೂ ಗೊತ್ತಿರುತ್ತದೆ.

ಪ್ರಶ್ನೆ: ಹೊಳೆ ಪಕ್ಕದ ಜಮೀನಿನಲ್ಲಿ ತೆಂಗಿನಕಾಯಿ ಹಿಡಿದು ನೀರು ತೋರಿಸುವವರನ್ನು ಕರೆಸಿದ್ದೆವು. ಮೂರು ಕಡೆ ಗುರುತು ಮಾಡಿದ್ದಾರೆ. ಎಲ್ಲಿ ಕೊರೆಸಲಿ?

ಎಲ್ಲೂ ಬೇಡ. ಕಾಯಿ ಅಂಗೈ ಮೇಲೆ ನೆಟ್ಟಗೆ ನಿಂತರೆ ಕೆಳಗೆ ನೀರಿದೆ ಅನ್ನೋದಕ್ಕೆ ಯಾವ ಆಧಾರವೂ ಇಲ್ಲ. ಆ ದುಡ್ಡು ಮಕ್ಕಳ ಫೀಸಿಗಾಗಲಿ.

ಪ್ರಶ್ನೆ: ನಮ್ಮೂರ ಹಳ್ಳ ಅರ್ಕಾವತಿಗೆ ಸೇರುತ್ತದೆ. ಹದಿನೈದು ವರ್ಷದಿಂದ ಸರಿಯಾಗಿ ನೀರು ಹರಿದಿಲ್ಲ. ಈಗ ಮಣ್ಣು ತುಂಬಿ, ಕಲ್ಲುಕಂಬ ನೆಟ್ಟು ಬೇಲಿ ಹಾಕಿದ್ದಾರೆ. ಕೇಳಿದರೆ "ನೀರೇ ಇಲ್ಲದ ಮೇಲೆ ಹಳ್ಳ ಎಲ್ಲಿಂದ ಬಂತು" ಅಂತಾರೆ. ಊರವರೆಲ್ಲ ಸೇರಿ ಬೇಲಿ ಕಿತ್ತು ಹಾಕೋಣ ಅಂತಿದ್ದೇವೆ. ಸರಿಯಾ?

ಮೊದಲು ಬೇಲಿ ಕೀಳುವ ಮಾತು ಬಿಡಿ. ನೀವು ಕಂಬ ಕಿತ್ತ ದಿನವೇ ಅವರು ಸ್ಟೇಷನ್‌ಗೆ ಹೋಗುತ್ತಾರೆ. ಆಮೇಲೆ ಹಳ್ಳದ ವಿಷಯ ಮೂಲೆಗೆ ಬಿದ್ದು, ಹೊಡೆದಾಟದ ಕೇಸಷ್ಟೇ ಉಳಿಯುತ್ತದೆ. ಹೀಗೆ ಹಾಳಾದ ಹಳ್ಳಗಳನ್ನು ನಾನು ತುಂಬಾ ನೋಡಿದ್ದೇನೆ.

ಇನ್ನು "ನೀರಿಲ್ಲದ ಮೇಲೆ ಹಳ್ಳ ಇಲ್ಲ" ಅನ್ನೋ ಮಾತು. ಇದನ್ನು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಕರ್ನಾಟಕ ಭೂಕಂದಾಯ ಕಾಯ್ದೆ, 1964. ಅದರ 67ನೇ ಸೆಕ್ಷನ್ ಓದಿ. ನದಿ, ತೊರೆ, ಹಳ್ಳ, ಕೆರೆಗಳ ತಳ ಸರ್ಕಾರದ ಸ್ವತ್ತು ಅಂತ ಅದರಲ್ಲಿ ಬರೆದಿದೆ. ಯಾರದೋ ಖಾಸಗಿ ಹಕ್ಕು ರುಜುವಾತಾಗದ ಹೊರತು ಅದು ಹಾಗೇ ಉಳಿಯುತ್ತದೆ. ಅಲ್ಲಿ ಹೇಳಿರುವುದು ತಳದ ಬಗ್ಗೆ. ವರ್ಷಪೂರ್ತಿ ನೀರು ಹರಿಯಬೇಕು ಅನ್ನೋ ಷರತ್ತೇನೂ ಇಲ್ಲ.

ಈಗ ಕಾಗದ ಹುಡುಕೋಣ. ಭೂದಾಖಲೆ ಇಲಾಖೆಯ ವೆಬ್‌ಸೈಟಿನಲ್ಲಿ ನಿಮ್ಮೂರ ಗ್ರಾಮ ನಕ್ಷೆ ಸಿಗುತ್ತದೆ. ದೊಡ್ಡದಾಗಿ ಪ್ರಿಂಟ್ ತೆಗೆಸಿ ನೆಲದ ಮೇಲೆ ಹರಡಿ. ಹಳ್ಳವನ್ನು ಜೋಡಿ ಗೆರೆಯಲ್ಲಿ ತೋರಿಸಿರುತ್ತಾರೆ. ಆ ಎರಡು ಗೆರೆಯ ನಡುವೆ ಯಾವ ಸರ್ವೆ ನಂಬರೂ ಇಲ್ಲದಿದ್ದರೆ ನಿಮ್ಮ ಕೆಲಸ ಅರ್ಧ ಮುಗಿದಂತೆ. ಚಿಕ್ಕ ಹಳ್ಳವಾದರೆ ಯಾವುದಾದರೂ ನಂಬರಿನ ಒಳಗೇ ಹಾದುಹೋಗಿರುತ್ತದೆ. ಆಗ ಆ ನಂಬರಿನ ಪಹಣಿಯ 3ನೇ ಕಲಂ ನೋಡಿ. ಒಟ್ಟು ವಿಸ್ತೀರ್ಣದ ಕೆಳಗೆ "ಫೂಟ್ ಖರಾಬು ಅ", "ಫೂಟ್ ಖರಾಬು ಬ" ಅಂತ ಇರುತ್ತದೆ. ಬಂಡೆ, ಗುಂಡಿ, ಸಾಗುವಳಿಗೆ ಬಾರದ ಜಾಗ "ಅ". ದಾರಿ, ಹಳ್ಳ, ಕೆರೆ, ಸ್ಮಶಾನದಂಥ ಸಾರ್ವಜನಿಕ ಜಾಗ "ಬ". ನಾವೆಲ್ಲ ಬಿ ಖರಾಬು ಅಂತೀವಲ್ಲ, ಅದೇ ಇದು. 1966ರ ಭೂಕಂದಾಯ ನಿಯಮಗಳ 21ನೇ ನಿಯಮದಲ್ಲಿ ಈ ವಿಂಗಡಣೆ ಇದೆ.

ಪಹಣಿ ಒಂದನ್ನೇ ನಂಬಿ ಕೂರಬೇಡಿ. ಕಂಪ್ಯೂಟರಿಗೆ ಏರಿಸುವಾಗ ಖರಾಬಿನ ಅಂಕಿ ಬಿಟ್ಟುಹೋಗಿರುವುದನ್ನು ನಾನೇ ಕಂಡಿದ್ದೇನೆ. ಆಕಾರಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಖರಾಬು ಬರೆದ ಪಟ್ಟಿ) ಮತ್ತು ಮೂಲ ಟಿಪ್ಪಣಿಯ (ಮೊದಲು ಸರ್ವೆ ಮಾಡಿದಾಗ ಬರೆದ ಅಳತೆ ಚಿತ್ರ) ನಕಲಿಗೆ ಅರ್ಜಿ ಹಾಕಿ. ಮೂರನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿ.

ಟಿಪ್ಪಣಿ ಕೈಗೆ ಬಂದಾಗ ಅವಸರ ಮಾಡಬೇಡಿ. ಜಮೀನಿನ ಉದ್ದಕ್ಕೂ ಒಂದು ಗೆರೆ ಎಳೆದು, ಅದರಿಂದ ಎಡಕ್ಕೆ ಬಲಕ್ಕೆ ಅಳತೆ ಬರೆದಿರುತ್ತಾರೆ. ಅಳತೆ ಇರುವುದು ಸರಪಳಿ ಮತ್ತು ಆಣೆಯಲ್ಲಿ. ಒಂದು ಸರಪಳಿಗೆ 33 ಅಡಿ, 16 ಆಣೆ. ಅಂದರೆ ಒಂದು ಆಣೆಗೆ ಎರಡು ಅಡಿ ಚಿಲ್ಲರೆ. ಸರಪಳಿ ಉದ್ದ, ಸರಪಳಿ ಅಗಲದ ಜಾಗವೇ ಒಂದು ಗುಂಟೆ. 33ನ್ನು 33ರಿಂದ ಗುಣಿಸಿ, 1089 ಚದರಡಿ ಬರುತ್ತದೆ. ಹಳ್ಳದ ಅಗಲ 10 ಆಣೆ ಅಂತ ಬರೆದಿದ್ದರೆ ಅಲ್ಲಿ 20 ಅಡಿಗೂ ತುಸು ಜಾಸ್ತಿ ಜಾಗ ಇರಲೇಬೇಕು. ಈಗ ಹೋಗಿ ಟೇಪು ಹಿಡಿದು ನೋಡಿ. ಆರು ಅಡಿ ಚರಂಡಿ ಸಿಕ್ಕರೆ ಉಳಿದದ್ದು ಯಾರ ಬೇಲಿಯೊಳಗಿದೆ ಅಂತ ನಿಮಗೇ ತಿಳಿಯುತ್ತದೆ.

ಟಿಪ್ಪಣಿಯಲ್ಲಿ ತೋರಿಸಿದ ಬಾಂದು ಕಲ್ಲುಗಳನ್ನೂ, ಅಂದರೆ ಗಡಿ ಕಲ್ಲುಗಳನ್ನೂ ಹುಡುಕಿ. ಲಂಟಾನ ಪೊದೆಯೊಳಗೋ ಬದುವಿನ ಮಣ್ಣಿನಲ್ಲೋ ಹೂತಿರುತ್ತವೆ. ಸಿಕ್ಕರೆ ಅಲುಗಾಡಿಸಬೇಡಿ. ಸುತ್ತಲಿನ ಹುಲ್ಲು ಮಾತ್ರ ಸವರಿ. ದೂರದ ಮರವೋ ಮನೆಯೋ ಜೊತೆಗೆ ಕಾಣುವ ಹಾಗೆ ಫೋಟೊ ತೆಗೆಯಿರಿ. ಕಲ್ಲೊಂದೇ ಇರುವ ಫೋಟೊ ಯಾವ ಊರಿನ ಕಲ್ಲಾದರೂ ಆಗಬಹುದು, ಅಲ್ವಾ?

ದಿಶಾಂಕ್ ಆ್ಯಪ್ ಸಾಲದೇ ಅಂತ ಕೇಳುವವರಿಗೆ: ಸಾಲದು. ನಿಂತ ಜಾಗದ ಸರ್ವೆ ನಂಬರ್ ತಿಳಿಯಲು ಅದು ಒಳ್ಳೆಯದು. ಆದರೆ ಮೊಬೈಲ್ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ಆಗುತ್ತದೆ. ನಿಮ್ಮ ಹಳ್ಳದ ಅಗಲವೇ ಆರು ಮೀಟರ್. ಹಿಂದೆ ಒಂದೂರಲ್ಲಿ ಕಚೇರಿಯವರು ಹೀಗೇ ಮೊಬೈಲ್ ನೋಡಿ ಗುರುತು ಹಾಕಿದರು. ಮಣ್ಣು ತುಂಬಿದ್ದ ಲೇಔಟ್ ಹಾಗೇ ಉಳಿಯಿತು. ಎದುರು ದಂಡೆಯಲ್ಲಿ ರಾಗಿ ಬೆಳೆಯುತ್ತಿದ್ದ ಅಜ್ಜಿಯೊಬ್ಬರ ಎರಡು ಗುಂಟೆಗೆ ಜೆಸಿಬಿ ಇಳಿಯಿತು. ತೆನೆ ಕಟ್ಟಿದ ಪೈರು. ಆ ಜಾಗ ಟಿಪ್ಪಣಿ ಪ್ರಕಾರ ಆಕೆಯದ್ದೇ. ಅರ್ಜಿ ಬರೆದುಕೊಟ್ಟವನು ನಾನು. ಸರಪಳಿ ಹಾಕಿ ಅಳೆಯಿರಿ ಅಂತ ಅದರಲ್ಲಿ ಕೇಳಿರಲಿಲ್ಲ. ಅಂದಿನಿಂದ ಆ ಸಾಲು ಬರೆಯದೆ ಯಾವ ಅರ್ಜಿಯನ್ನೂ ನಾನು ಕಳಿಸುವುದಿಲ್ಲ.

ಅರ್ಜಿ ತಹಶೀಲ್ದಾರರ ಹೆಸರಿಗಿರಲಿ. ನಕ್ಷೆ, ಆಕಾರಬಂದ್, ಟಿಪ್ಪಣಿ, ಫೋಟೊ ಲಗತ್ತಿಸಿ. "ಒತ್ತುವರಿ ತೆರವು ಮಾಡಿ" ಅನ್ನೋದಕ್ಕೆ ಮುಂಚೆ "ಇಲಾಖೆಯ ಭೂಮಾಪಕರಿಂದ, ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಕೊಟ್ಟು, ಮೂಲ ಟಿಪ್ಪಣಿಯಂತೆ ಹಳ್ಳದ ಗಡಿ ಅಳೆಸಿ" ಅಂತ ಬರೆಯಿರಿ. ಸ್ವೀಕೃತಿ ಪಡೆಯದೆ ಮನೆಗೆ ಬರಬೇಡಿ. ಅಳತೆಯಲ್ಲಿ ಒತ್ತುವರಿ ಖಚಿತವಾದರೆ ಅದೇ 1964ರ ಕಾಯ್ದೆಯ 104ನೇ ಸೆಕ್ಷನ್ ಅಡಿ ತೆರವು ಮಾಡಿಸುವ ದಾರಿ ಇದೆ.

"ಹನ್ನೆರಡು ವರ್ಷ ಉಳುಮೆ ಮಾಡಿದ್ದೇವೆ, ಜಾಗ ನಮ್ಮದೇ" ಅಂತ ಯಾರಾದರೂ ಹೇಳಿದರೆ ಹೆದರಬೇಡಿ. ಹನ್ನೆರಡು ವರ್ಷದ ಲೆಕ್ಕ ಖಾಸಗಿ ಜಮೀನಿನದ್ದು. ಸರ್ಕಾರ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆ 30 ವರ್ಷ ಕೊಡುತ್ತದೆ. ಅದಕ್ಕಿಂತ ಮುಖ್ಯವಾದದ್ದು 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಜಗ್ಪಾಲ್ ಸಿಂಗ್ ಪ್ರಕರಣದಲ್ಲಿ ಕೊಟ್ಟ ತೀರ್ಪು. ಊರಿನ ಸಾಮೂಹಿಕ ಜಾಗವನ್ನು ಎಷ್ಟು ವರ್ಷ ಹಿಡಿದಿದ್ದರು, ಎಷ್ಟು ಹಣ ಸುರಿದು ಕಟ್ಟಿದರು ಅನ್ನೋದು ಸಮರ್ಥನೆಯಾಗದು ಅಂತ ಅದರಲ್ಲಿ ಹೇಳಿದ್ದಾರೆ. ಆ ಪ್ರಕರಣದಲ್ಲಿ ಒತ್ತುವರಿಯಾಗಿದ್ದು ಊರಿನ ಕೆರೆಯ ಜಾಗ. ಭೂಹೀನ ಕೂಲಿಕಾರರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಕೊಟ್ಟ ಜಾಗದಂಥ ಕೆಲವು ಸಂದರ್ಭಗಳಿಗೆ ವಿನಾಯಿತಿಯನ್ನೂ ಅದೇ ತೀರ್ಪು ಹೇಳಿದೆ. ಅದನ್ನು ಮರೆಯಬೇಡಿ. ಹಳ್ಳ ಉಳಿಸುವ ಹೆಸರಲ್ಲಿ ಗುಡಿಸಲು ಮೊದಲು ಕಿತ್ತು, ಲೇಔಟನ್ನು ಕೊನೆಗೆ ನೋಡೋಣ ಅನ್ನುವವರ ಜೊತೆ ನಾನು ನಿಲ್ಲುವುದಿಲ್ಲ.

ಒಂದು ಎಚ್ಚರಿಕೆ. "ಬಿ ಖರಾಬನ್ನು ಎ ಖರಾಬು ಮಾಡಿಸಿಕೊಡುತ್ತೇವೆ" ಅಂತ ತಾಲ್ಲೂಕು ಕಚೇರಿ ಮುಂದೆ ತಿರುಗುವ ದಲ್ಲಾಳಿಗಳಿದ್ದಾರೆ. ದುಡ್ಡು ಕೊಟ್ಟು ಆ ಕಾಗದ ನಂಬಿ ಸೈಟು ತೆಗೆದುಕೊಂಡವರು ಮುಂದೆ ಅಳುವುದನ್ನೂ ನೋಡಿದ್ದೇನೆ. ಹಳ್ಳದ ಮೇಲಿನ ಸೈಟು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಜೋರು ಮಳೆ ಬಂದ ರಾತ್ರಿ ನೀರು ತನ್ನ ದಾರಿಯಲ್ಲೇ ಬರುತ್ತದೆ.

ಪ್ರಶ್ನೆ: ಮಳೆ ಕಮ್ಮಿಯಾದ್ದರಿಂದ ತಾನೇ ಅರ್ಕಾವತಿ ಬತ್ತಿದ್ದು?

ಅಲ್ಲ. ಬೆಂಗಳೂರಿನ ಏಟ್ರೀ ಅನ್ನೋ ಪರಿಸರ ಸಂಶೋಧನಾ ಸಂಸ್ಥೆಯವರೂ ಇದ್ದ ತಂಡವೊಂದು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ಪರಿಶೀಲಿಸಿದೆ. ಅವರು ಮುಖ್ಯವಾಗಿ ಬೊಟ್ಟು ಮಾಡಿದ್ದು ಬೋರ್‌ವೆಲ್ ಮತ್ತು ನೀಲಗಿರಿ ತೋಪಿನ ಕಡೆಗೆ. ಮಳೆಯ ಮೇಲೆ ಹಾಕಿ ಸುಮ್ನೆ ಕೂರಬೇಡಿ.

ಪ್ರಶ್ನೆ: ಹೊಳೆ ದಂಡೆಯಲ್ಲಿ ಅಕ್ಷರವಿರುವ ಕಲ್ಲು ಸಿಕ್ಕಿದೆ. ಓದಲು ಆಗುತ್ತಿಲ್ಲ. ಸುಣ್ಣ ಬಳಿದರೆ ಅಕ್ಷರ ಎದ್ದು ಕಾಣುತ್ತದೆ ಅಂತಾರೆ. ಹೌದೇ?

ದಯವಿಟ್ಟು ಬೇಡ. ಸುಣ್ಣ, ಬಣ್ಣ, ಅರಿಶಿನ, ಎಣ್ಣೆ, ತಂತಿ ಬ್ರಷ್ಷು, ಆಸಿಡ್ ಯಾವುದೂ ಬೇಡ. ಅಕ್ಷರದ ಗೀರೊಳಗೆ ಸುಣ್ಣ ಕೂತರೆ ತೆಗೆಯುವಾಗ ಕಲ್ಲಿನ ಪುಡಿಯೂ ಜೊತೆಗೇ ಬರುತ್ತದೆ. ಇಷ್ಟು ವರ್ಷ ಬಿಸಿಲು ಮಳೆ ತಡೆದ ಅಕ್ಷರ ಒಂದು ಭಾನುವಾರದ ಉತ್ಸಾಹಕ್ಕೆ ಅಳಿಸಿಹೋಗುತ್ತದೆ.

ನೀವು ಮಾಡಬೇಕಾದದ್ದು ಇಷ್ಟೇ. ಮೆತ್ತನೆ ಬ್ರಷ್ಷು, ಬರೀ ನೀರು. ಮಣ್ಣು ಹೋದ ಮೇಲೆ ಕತ್ತಲಾಗುವವರೆಗೆ ಕಾಯಿರಿ. ಒಬ್ಬರು ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಹೆಚ್ಚುಕಡಿಮೆ ಕಲ್ಲಿಗೆ ತಾಗಿಸಿದ ಹಾಗೆ ಹಿಡಿಯಲಿ. ಬೆಳಕು ಅಡ್ಡಡ್ಡ ಬಿದ್ದಾಗ ಒಂದೊಂದು ಗೀರಿಗೂ ನೆರಳು ಬರುತ್ತದೆ. ಹಗಲಲ್ಲಿ ಬರೀ ಒರಟು ಕಲ್ಲು ಅನಿಸಿದ್ದರಲ್ಲಿ ಸಾಲು ಸಾಲಾಗಿ ಅಕ್ಷರ ಏಳುತ್ತವೆ. ಟಾರ್ಚನ್ನು ನಾಲ್ಕೂ ಬದಿಗೆ ಬದಲಿಸಿ ಫೋಟೊ ತೆಗೆಯಿರಿ. ಮೇಲೆ ಸೂರ್ಯ ಚಂದ್ರ ಇದ್ದರೆ ದಾನಶಾಸನ ಇರಬಹುದು. ಸೂರ್ಯ ಚಂದ್ರ ಇರುವವರೆಗೆ ಈ ದಾನ ನಡೆಯಲಿ ಅಂತ ಅದರ ಅರ್ಥ. ಕೊಡೆ ಹಿಡಿದ ಗಿಡ್ಡ ವಾಮನ ಇದ್ದರೆ ಅದು ದಾನ ಕೊಟ್ಟ ಜಮೀನಿನ ಎಲ್ಲೆ ಕಲ್ಲು. ಇಂಥ ಶಾಸನಗಳಲ್ಲಿ ಮೂಡಲು, ತೆಂಕಲು, ಪಡುವಲು, ಬಡಗಲು ಅಂತ ಎಲ್ಲೆ ಹೇಳುವಾಗ ಹಳ್ಳ, ಕೆರೆ ಏರಿ, ಹುಣಸೆಮರ ಬರುತ್ತವೆ. ಹಾಗಾಗಿ ಕಲ್ಲನ್ನು ದೇವಸ್ಥಾನದ ಅಂಗಳಕ್ಕೆ ಸಾಗಿಸಬೇಡಿ. ನಿಂತ ಜಾಗ ಬಿಟ್ಟರೆ ಅದು ಹೇಳುವ "ಪಡುವಲು ಹಳ್ಳ" ಯಾವ ಹಳ್ಳ ಅಂತ ಮುಂದೆ ಯಾರಿಗೂ ಗೊತ್ತಾಗದು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುವ ಕೆಲಸ ನಡೆಸಿದ್ದಾರೆ, ಅವರಿಗೆ ತಿಳಿಸಿ.

ಪ್ರಶ್ನೆ: ವೀರಗಲ್ಲಿನ ಕೆಳಗೆ ನಿಧಿ ಇರುತ್ತದಂತೆ, ನಿಜವೇ?

ಸುಳ್ಳು. ಅಗೆದವರಿಗೆ ಸಿಕ್ಕಿದ್ದು ಮುರಿದ ಕಲ್ಲು. ಏನಾದರೂ ಸಿಕ್ಕರೂ 1878ರ ನಿಧಿ ಕಾಯ್ದೆಯಂತೆ ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು.

ಪ್ರಶ್ನೆ: ಹಳ್ಳದ ಎರಡೂ ಕಡೆ ಕಾಂಕ್ರೀಟ್ ಗೋಡೆ ಕಟ್ಟಿದರೆ ಉಳಿಯುತ್ತದಲ್ಲವೇ?

ಚರಂಡಿ ಉಳಿಯುತ್ತದೆ. ದಂಡೆಯಲ್ಲಿ ಹೊಳೆಮತ್ತಿ, ಹೊಂಗೆ, ಅತ್ತಿ ನೆಡಿ. ನೀರು ಹರಿಯುವ ತಳದಲ್ಲಿ ಏನೂ ನೆಡಬೇಡಿ.

ಪ್ರಶ್ನೆ: ನಮ್ಮೂರಿನ ಹೊಳೆಯ ಇತಿಹಾಸ ಬರೆಯಬೇಕು ಅಂತಿದ್ದೇನೆ. ಇಂಟರ್ನೆಟ್‌ನಲ್ಲಿ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ಬಿಟ್ಟು ಏನೂ ಸಿಗುತ್ತಿಲ್ಲ.

1894ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಹೆಸರಘಟ್ಟ ಯೋಜನೆ, 1933ರಲ್ಲಿ ಅರ್ಕಾವತಿ ಮತ್ತು ಕುಮುದ್ವತಿ ಕೂಡುವಲ್ಲಿ ಮುಗಿದ ತಿಪ್ಪಗೊಂಡನಹಳ್ಳಿ ಜಲಾಶಯ. ಇವೆರಡೂ ಬೆಂಗಳೂರು ನೀರು ಕುಡಿದ ಕಥೆ. ದಂಡೆಯ ಊರುಗಳ ಕಥೆ ಬೇರೆಯೇ ಇದೆ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ 9ನೇ ಸಂಪುಟ ತೆಗೆಯಿರಿ. 1905ರಲ್ಲಿ ಬಂದದ್ದು, ಬೆಂಗಳೂರು ಜಿಲ್ಲೆಯದ್ದು. ನೆಲಮಂಗಲ, ಮಾಗಡಿ, ದೊಡ್ಡಬಳ್ಳಾಪುರ ಅಂತ ತಾಲ್ಲೂಕುವಾರು ಜೋಡಿಸಿದ್ದಾರೆ. ನಿಮ್ಮೂರ ಹೆಸರು ಹುಡುಕಿ.

ಆಮೇಲೆ ಊರಲ್ಲಿ ನೀರಗಂಟಿ ಮನೆತನದವರು ಯಾರಿದ್ದಾರೆ ಕೇಳಿ. ಕೆರೆ ತೂಬು ಎತ್ತಿ ಗದ್ದೆ ಗದ್ದೆಗೆ ಪಾಳಿ ಪ್ರಕಾರ ನೀರು ಬಿಡುತ್ತಿದ್ದವರು ಅವರು. ಮನೆಯಲ್ಲಿ ಕೂರಿಸಿ ಕೇಳಿದರೆ "ಏನಿದೆಯಪ್ಪಾ ಹೇಳೋಕೆ" ಅಂತಾರೆ. ಹಳ್ಳದ ದಾರಿಯಲ್ಲೇ ನಡೆಸಿಕೊಂಡು ಹೋಗಿ. ಯಾವ ಮಡುವಿಗೆ ಏನು ಹೆಸರು, ಎಲ್ಲಿ ಬಟ್ಟೆ ಒಗೆಯುತ್ತಿದ್ದರು, ಮಳೆ ಜೋರಾದಾಗ ನೀರು ಎಲ್ಲಿಯವರೆಗೆ ಏರಿತ್ತು ಅಂತ ಒಂದೊಂದೇ ಕೇಳಿ. ಹೇಳಿದ್ದನ್ನು ಅಲ್ಲೇ ಗ್ರಾಮ ನಕ್ಷೆಯ ಪ್ರಿಂಟ್ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಳ್ಳಿ, ತಾರೀಖು ಹಾಕಿ. ಆ ಹಿರಿಯರಿಗೆ ಎಂಬತ್ತು ದಾಟಿದ್ದರೆ ಈ ವಾರವೇ ಹೋಗಿ.