‘ಮೊದಲು ಗಡಿ, ಆಮೇಲೆ ಯುಕ್ರೇನ್’: ಚರ್ಚಾ ಸ್ಪರ್ಧೆಯಲ್ಲಿ ಪರ ಸುಲಭವೋ, ವಿರೋಧವೋ?

ಬೆಳಗಾವಿಯಲ್ಲಿ ಡಿಗ್ರಿ ಓದುತ್ತಿದ್ದೀರಿ. ಚರ್ಚಾ ಸ್ಪರ್ಧೆಗೆ ‘ದೂರದ ಯುದ್ಧಕ್ಕೆ ನೆರವು ಕೊಡುವ ಮೊದಲು ಅಮೆರಿಕ ತನ್ನ ಗಡಿ ಭದ್ರ ಮಾಡಿಕೊಳ್ಳಬೇಕಿತ್ತು’ ಅನ್ನೋ ವಿಷಯ ಬಂದಿದೆ. ಯಾವ ಕಡೆ ನಿಂತರೆ ಗೆಲ್ಲೋದು ಸುಲಭ ಅಂತ ಕೇಳಿದ್ದೀರಿ. ಹೆಚ್ಚೂ ಕಡಿಮೆ ಇದೇ ವಿಷಯದಲ್ಲಿ ನಾನು ಸೋತವನು. ಅದೂ ಎಂಥಾ ಸೋಲು ಅಂತೀರಿ, ಎದುರಾಳಿಯೇ ಕನಿಕರಪಟ್ಟು ನೀರಿನ ಬಾಟ್ಲಿ ತಂದುಕೊಟ್ಟಳು.

2024ರ ಫೆಬ್ರುವರಿ ಕೊನೆಯ ವಾರ. ಸ್ಪರ್ಧೆ ವಿಜಯಪುರದ ಒಂದು ಕಾಲೇಜಿನಲ್ಲಿ. ಜಮಖಂಡಿಯಿಂದ ಬೆಳಗಿನ ಬಸ್ಸು ಹಿಡಿದೆ. ನಮ್ಮ ಕಾಕಾ ಕಣ್ಣು ತೋರಿಸಬೇಕು ಅಂತ ಜೊತೆಗೆ ಬಂದಿದ್ದರು. ಅವರು ಮರಾಠಾ ಲೈಟ್ ಇನ್‌ಫೆಂಟ್ರಿಯ ಹವಾಲ್ದಾರ್, ಈಗ ರಿಟೈರ್ಡ್. ಟ್ರೇನಿಂಗ್ ನಿಮ್ಮ ಬೆಳಗಾವಿಯಲ್ಲೇ. ಸರ್ವೀಸಿನ ಜಾಸ್ತಿ ವರ್ಷ ಸ್ಟೋರಿನಲ್ಲಿ ಕಳೆದವರು.

ಹಳೇ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಭಾಷಣ ಬರೆದುಕೊಂಡಿದ್ದೆ. ಒಟ್ಟು ಏಳು. ಚಿಕ್ಕಪಡಸಲಗಿ ಹತ್ತಿರ ಬಸ್ಸು ಕೃಷ್ಣಾ ದಾಟುವಾಗ ಮೂರನೇ ಪತ್ರಿಕೆ ಒಪ್ಪಿಸುತ್ತಿದ್ದೆ: ‘ಅಮೆರಿಕ ಯುಕ್ರೇನಿಗೆ ಸುಮಾರು ಐದು ಲಕ್ಷ ಕೋಟಿ ರೂಪಾಯಿ ಕಳಿಸಲು ಹೊರಟಿದೆ!’

ಕಾಕಾ ತಡೆದರು. “ರೊಕ್ಕ ಕಳಸ್ತಾರೋ, ಸಾಮಾನ ಕಳಸ್ತಾರೋ?”

“ಎರಡೂ ಒಂದೇ ಕಾಕಾ.”

ಅವರು ಕಿಟಕಿ ಕಡೆ ತಿರುಗಿ ಕೂತರು.

ನಾನು ಆರಿಸಿದ್ದು ಪರ. ಕಾರಣ ನಿಮ್ಮದೇ: ಸುಲಭ ಅನಿಸಿತ್ತು. ಸ್ವಂತ ಮನೆ ಬಾಗಿಲು ಹಾಕಿಕೊಳ್ಳದೆ ಊರ ಉಸಾಬರಿ ಯಾಕೆ ಅಂದರೆ ಯಾರು ತಾನೇ ಚಪ್ಪಾಳೆ ಹೊಡೆಯಲ್ಲ? ಲೆಕ್ಕವೂ ಕೈಯಲ್ಲಿತ್ತು. 2023ರ ಅಕ್ಟೋಬರ್‌ನಲ್ಲಿ ಆಗಿನ ಅಧ್ಯಕ್ಷ ಬೈಡನ್ ಅಮೆರಿಕದ ಸಂಸತ್ತಿನ ಹತ್ತಿರ ಸುಮಾರು 106 ಬಿಲಿಯನ್ ಡಾಲರ್ ಕೇಳಿದ್ದರು. ಅದರಲ್ಲಿ 61 ಯುಕ್ರೇನಿಗೆ, 14 ಇಸ್ರೇಲಿಗೆ. ಗಡಿಗೆ ಅಂತ ಇದ್ದದ್ದೂ ಹೆಚ್ಚೂ ಕಡಿಮೆ 14. ಬೈಡನ್‌ಗೆ ಎದುರು ಪಕ್ಷದವರಾದ ರಿಪಬ್ಲಿಕನ್ನರು ಬರೀ ದುಡ್ಡು ಸಾಲದು, ಗಡಿ ಕಾನೂನೇ ಬಿಗಿಯಾಗಬೇಕು, ಇಲ್ಲದಿದ್ದರೆ ಯುಕ್ರೇನಿಗೆ ಒಂದು ಪೈಸೆ ಇಲ್ಲ ಅಂತ ಪಟ್ಟು ಹಿಡಿದರು. ಆ ಡಿಸೆಂಬರ್ ಒಂದೇ ತಿಂಗಳಲ್ಲಿ ಮೆಕ್ಸಿಕೋ ಗಡಿಯಲ್ಲಿ ಸಿಕ್ಕಿಬಿದ್ದವರು ಸುಮಾರು 2.5 ಲಕ್ಷ. ಇದು ಸುಮ್ನೆ ಹುಟ್ಟಿಸಿದ ಗಲಾಟೆ ಅಲ್ಲ, ಟೆಕ್ಸಾಸ್‌ನ ಈಗಲ್ ಪಾಸ್‌ನಂಥ ಸಣ್ಣ ಊರುಗಳು ಆಗ ನಿಜಕ್ಕೂ ಏದುಸಿರು ಬಿಡುತ್ತಿದ್ದವು. ಈ ಮಾತು ಈಗಲೂ ಹಿಂದಕ್ಕೆ ತಗೊಳ್ಳಲ್ಲ.

ಏಳನೇ ಪತ್ರಿಕೆಯಲ್ಲಿ ನನ್ನ ಬ್ರಹ್ಮಾಸ್ತ್ರ ಇತ್ತು. ಮೊದಲ ಬೆಲ್ ಆದಮೇಲೆ ಬೇಕಂತಲೇ ಎರಡು ಸೆಕೆಂಡ್ ಸುಮ್ಮನಿದ್ದು ಹೇಳಿದೆ: “ಪರಿಹಾರ ಬಹಳ ಸರಳ. ಗಡಿಯನ್ನೂ ಯುಕ್ರೇನನ್ನೂ ಒಂದೇ ಮಸೂದೆಗೆ ಸೇರಿಸಲಿ. ನಾಳೆಯೇ ಪಾಸಾಗುತ್ತದೆ!” ಚಪ್ಪಾಳೆಯೋ ಚಪ್ಪಾಳೆ. ಹಿಂದಿನ ಸಾಲಿನಲ್ಲಿ ಒಬ್ಬ ಸೀಟಿ ಹೊಡೆದ.

ಆಮೇಲೆ ಎದ್ದವಳು ನಿಮ್ಮ ಊರಿನ ಹುಡುಗಿ. ಕೈಯಲ್ಲಿ ಪೇಪರಿನ ಒಂದು ಕತ್ತರಿ ಚೂರು, ಅಷ್ಟೇ.

“ಸೇರಿಸಿದ್ದರು” ಅಂದಳು. “ಮೂರು ವಾರದ ಹಿಂದೆ.”

ಸೆನೆಟ್‌ನಲ್ಲಿ, ಅಂದರೆ ಅಮೆರಿಕ ಸಂಸತ್ತಿನ ಮೇಲ್ಮನೆಯಲ್ಲಿ, ಎರಡೂ ಪಕ್ಷದವರು ಸುಮಾರು ನಾಲ್ಕು ತಿಂಗಳು ಕೂತು ಮಾತಾಡಿದ್ದರಂತೆ. ಫೆಬ್ರುವರಿ 4ರಂದು ಮಸೂದೆ ಹೊರಗೆ ಬಂತು. 370 ಪುಟ, 118 ಬಿಲಿಯನ್ ಡಾಲರ್, ಅದರಲ್ಲಿ 60 ಯುಕ್ರೇನಿಗೆ, 20 ಗಡಿಗೆ. ಗಡಿ ಭಾಗಕ್ಕಾಗಿ ಮಾತುಕತೆ ನಡೆಸಿದವರಲ್ಲಿ ಒಬ್ಬರು ಒಕ್ಲಹೋಮಾದ ಜೇಮ್ಸ್ ಲ್ಯಾಂಕ್‌ಫರ್ಡ್, ಪಕ್ಕಾ ರಿಪಬ್ಲಿಕನ್. ಗಡಿಯಲ್ಲಿ ಸಿಕ್ಕವರ ಏಳು ದಿನದ ಸರಾಸರಿ ದಿನಕ್ಕೆ 5,000 ಮುಟ್ಟಿದರೆ, ಅಧಿಕೃತ ಪ್ರವೇಶದ್ವಾರ ಬಿಟ್ಟು ನಡುವೆ ನುಸುಳಿ ಬಂದವರಿಗೆ ಬಾಗಿಲು ಮುಚ್ಚಲೇಬೇಕು ಅನ್ನುವ ನಿಯಮವೂ ಇತ್ತು. ಆಗ ಮತ್ತೆ ಅಧ್ಯಕ್ಷರಾಗಲು ಹೊರಟಿದ್ದ ರಿಪಬ್ಲಿಕನ್ ನಾಯಕ ಟ್ರಂಪ್ ಬೇಡ ಅಂದರು. ಫೆಬ್ರುವರಿ 7ರಂದು ಮತಕ್ಕೆ ಹಾಕಿದಾಗ 49-50. ಬೇಕಿದ್ದದ್ದು 60. ಗಡಿ ಗಡಿ ಅಂದ ಪಕ್ಷದಿಂದ ಪರವಾಗಿ ಕೈ ಎತ್ತಿದವರು ನಾಲ್ಕೇ ಜನ.

“ನನ್ನ ಎದುರಾಳಿ ಮಿತ್ರರು ಹೇಳಿದ ಪರಿಹಾರ ಸತ್ತು ಮೂರು ವಾರ ಆಯಿತು” ಅಂತ ಹೇಳಿ ಕೂತಳು. ಅವಳಿಗಿನ್ನೂ ಎರಡು ನಿಮಿಷ ಬಾಕಿ ಇತ್ತು. ಬೇಕೇ ಆಗಲಿಲ್ಲ.

ಇಲ್ಲಿ ನನ್ನ ತಪ್ಪು ಏನು ಅಂತ ಸರಿಯಾಗಿ ಹೇಳಬೇಕು. ಯಾಕೆಂದರೆ ಬಹಳ ದಿನ ನಾನೇ ಅದನ್ನು ತಪ್ಪಾಗಿ ಹೇಳಿಕೊಂಡು ತಿರುಗಿದ್ದೇನೆ. ಮೊದಲು ಎಲ್ಲರಿಗೂ ಹೇಳಿದ್ದು, ಮೊಬೈಲ್ ಸ್ಕ್ರೀನ್ ಒಡೆದಿತ್ತು, ಸುದ್ದಿ ನೋಡೋಕೆ ಆಗಲಿಲ್ಲ ಅಂತ. ಸ್ಕ್ರೀನ್ ಒಡೆದಿದ್ದು ನಿಜ. ಬಹುಮಾನದ ಐದು ಸಾವಿರದಲ್ಲಿ ಅದನ್ನೇ ಹಾಕಿಸಬೇಕು ಅಂತಿದ್ದೆ. ಆಮೇಲೆ ಇನ್ನೊಂದು ಕಾರಣ ಸಿಕ್ಕಿತು: ಭಾಷಣ ಜನವರಿಯಲ್ಲೇ ಬರೆದಿದ್ದೆ, ಬಾಯಿಪಾಠ ಆಗಿಬಿಟ್ಟಿತ್ತು. ಅದೂ ನಿಜವೇ. ಆದರೆ ಅಸಲಿ ಸಂಗತಿ ಬೇರೆ. ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಆ ವಾರ ಪೇಪರ್ ತೆಗೆದಿದ್ದೆ. ವಿದೇಶ ಪುಟದ ಕೆಳಗಡೆ, ಎರಡು ಕಾಲಮ್ಮಿನ ಸುದ್ದಿ. ‘ಸೆನೆಟ್’ ಅನ್ನೋ ಪದ ಕಂಡಿತು, ‘ಗಡಿ’ ಅನ್ನೋದೂ ಕಂಡಿತು. ಎದೆ ಧಸಕ್ ಅಂತು. ಓದಿದರೆ ಏಳನೇ ಪತ್ರಿಕೆ ಹೋಯಿತು ಅಂತ ಆ ಕ್ಷಣಕ್ಕೇ ಗೊತ್ತಾಯಿತು. ಪುಟ ತಿರುಗಿಸಿ ಅಂಡರ್-19 ವಿಶ್ವಕಪ್ ಫೈನಲ್ ಸುದ್ದಿ ಓದುತ್ತಾ ಕೂತೆ. ಗೊತ್ತಿರಲಿಲ್ಲ ಅನ್ನೋದಲ್ಲ, ಗೊತ್ತಾಗದೇ ಇರಲಿ ಅಂತ ನಾನೇ ನೋಡಿಕೊಂಡೆ. ವೇದಿಕೆಯಲ್ಲಿ ಅವಳು ಚೂರು ಎತ್ತಿ ಹಿಡಿದಾಗ ಓದುವುದೇ ಬೇಕಾಗಲಿಲ್ಲ, ಆ ಎರಡು ಕಾಲಮ್ಮಿನ ಆಕಾರ ನೋಡಿಯೇ ಗುರುತು ಸಿಕ್ಕಿತು.

ವಾಪಸ್ ಬಸ್ಸಿನಲ್ಲಿ ಕಾಕಾ ಶೇಂಗಾ ಕೊಡಿಸಿದರು. ಸೋಲಿನ ಸುದ್ದಿ ಎತ್ತಲಿಲ್ಲ. ಸಿಪ್ಪೆ ಬಿಡಿಸುತ್ತಾ ಬೆಳಗಿನ ಮಾತನ್ನೇ ಮುಂದುವರಿಸಿದರು. “ಸ್ಟೋರಿನಾಗಿನ ಹಳೇ ಮಾಲು ಮಂದಿಗೆ ಕೊಡ್ತಾರ. ತಮ್ಮ ಸ್ಟೋರಿಗೆ ಹೊಸಾ ಮಾಲು ತುಂಬ್ಕೋತಾರ. ಹಗೇವಿನಾಗಿನ ಹಳೇ ಜೋಳ ಬೀಗರಿಗೆ ಕೊಟ್ಟಂಗ. ರೊಕ್ಕ ಎಲ್ಲಿ ಹೊರಗ ಹೋತು?”

ಬೀಗರ ಮಾತು ಜೋಕು ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಮುಕ್ಕಾಲು ಪಾಲು ನಿಜ. ಕೊನೆಗೆ ಏಪ್ರಿಲ್‌ನಲ್ಲಿ ಪಾಸಾದ ಕಾನೂನಿನಲ್ಲಿ ಯುಕ್ರೇನ್ ಹೆಸರಲ್ಲಿದ್ದದ್ದು ಸುಮಾರು 61 ಬಿಲಿಯನ್. ಅದರಲ್ಲಿ 23 ಬಿಲಿಯನ್ ಅಮೆರಿಕದ ಸ್ವಂತ ದಾಸ್ತಾನು ಮತ್ತೆ ತುಂಬಿಸಲು. 155 ಎಂಎಂ ಫಿರಂಗಿ ಶೆಲ್ಲು ತಯಾರಾಗೋದು ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್‌ನಲ್ಲಿ, ಜಾವೆಲಿನ್ ಕ್ಷಿಪಣಿ ಜೋಡಿಸೋದು ಅಲಬಾಮಾದ ಟ್ರಾಯ್‌ನಲ್ಲಿ. ಯುಕ್ರೇನ್ ಸರ್ಕಾರಕ್ಕೆ ನೇರವಾಗಿ ಹೋಗುವ ಪಾಲೂ ಇತ್ತು, ಅದರಲ್ಲಿ ಸುಮಾರು 9.5 ಬಿಲಿಯನ್ನನ್ನು ಸಾಲ ಅಂತಲೇ ಬರೆದುಕೊಂಡರು. ಆದ್ದರಿಂದ ‘ಐದು ಲಕ್ಷ ಕೋಟಿ ಕಳಿಸಿದರು’ ಅಂತ ನನ್ನ ಹಾಗೆ ಕೂಗಬೇಡಿ.

ಈಗ ನಿಮ್ಮ ಪ್ರಶ್ನೆ. ಯಾವ ಕಡೆ ಸುಲಭ ಅಂತ ಕೇಳೋದನ್ನು ಬಿಡಿ. ಸುಲಭ ಅಂತ ಹಿಡಿದ ಕಡೆಯಲ್ಲಿ ನಾವು ಓದೋದನ್ನು ನಿಲ್ಲಿಸುತ್ತೇವೆ, ಅದೇ ಆಗಿದ್ದು ನನಗೆ. ಜೊತೆಗೆ ವಿಷಯದ ‘ಮೊದಲು’ ಅನ್ನೋ ಪದವನ್ನು ನೀವು ಹಾಗೇ ನುಂಗಿಬಿಟ್ಟಿದ್ದೀರಿ. ಅದಕ್ಕೇ ಕೈ ಹಾಕಿ. ನಡೆದದ್ದು ನೋಡಿ: ಗಡಿಯನ್ನೂ ಯುಕ್ರೇನನ್ನೂ ಕಟ್ಟಿಹಾಕಿದಷ್ಟು ದಿನ ಎರಡೂ ಅಲುಗಾಡಲಿಲ್ಲ. ಶೆಲ್ ಇಲ್ಲ ಅಂತ ಯುಕ್ರೇನಿನ ಸೈನಿಕರು ಎಣಿಸಿ ಹೊಡೆಯುತ್ತಿದ್ದಾಗ, ಫೆಬ್ರುವರಿ 17ರಂದು ಅಲ್ಲಿನ ಅವ್ದಿವ್ಕಾ ಪಟ್ಟಣ ರಷ್ಯಾದ ಕೈಗೆ ಬಿತ್ತು. ಗಂಟು ಬಿಚ್ಚಿದ ಮೇಲೆ ಕೆಳಮನೆಯಲ್ಲಿ 311-112ರಲ್ಲಿ ನೆರವು ಪಾಸಾಗಿ ಏಪ್ರಿಲ್ 24ರಂದು ಸಹಿ ಬಿತ್ತು. ಗಡಿ ಮಸೂದೆ ಮಾತ್ರ ಅಲ್ಲೇ ಉಳಿಯಿತು. ಅಂದರೆ ‘ಮೊದಲು ಗಡಿ’ ಅಂದವರಿಗೆ ಗಡಿಯೂ ಸಿಗಲಿಲ್ಲ. ಪರ ನಿಂತರೂ ವಿರೋಧ ನಿಂತರೂ ನಿರ್ಣಾಯಕರು ಕೇಳೋದು ಇದನ್ನೇ. ಉತ್ತರ ಇಲ್ಲದೆ ವೇದಿಕೆ ಹತ್ತಬೇಡಿ.

‘ದೂರದ ಯುದ್ಧ’ ಅನ್ನೋದಕ್ಕೂ ನನ್ನ ತಕರಾರಿದೆ. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಸತ್ತ ವೈದ್ಯಕೀಯ ವಿದ್ಯಾರ್ಥಿ ನಮ್ಮ ಹಾವೇರಿ ಜಿಲ್ಲೆಯವನು. ಸೂರ್ಯಕಾಂತಿ ಎಣ್ಣೆ ರೇಟು ಏರಿದ್ದು ನಮ್ಮ ಅಡುಗೆಮನೆಯಲ್ಲೂ ಗೊತ್ತಾಯಿತು.

ಇನ್ನೊಂದು. ಬೆಳಗಾವಿಯ ವೇದಿಕೆಯಲ್ಲಿ ‘ಗಡಿ’ ಅಂದರೆ ಸಭಿಕರಿಗೆ ಮೊದಲು ನೆನಪಾಗೋದು ಮೆಕ್ಸಿಕೋ ಅಲ್ಲ, 2004ರಿಂದ ಸುಪ್ರೀಂ ಕೋರ್ಟಿನಲ್ಲಿರುವ ಮಹಾರಾಷ್ಟ್ರದ ದಾವೆ. ಚಪ್ಪಾಳೆ ಆಸೆಗೆ ಆ ಕಡೆ ಹೊರಳಬೇಡಿ. ವಾಪಸ್ ಬರೋಕೆ ದಾರಿ ಇರಲ್ಲ.

ಸ್ಪರ್ಧೆ ಯಾವತ್ತು ಅಂತ ನೀವು ಬರೆದಿಲ್ಲ. ಹಿಂದಿನ ದಿನದ ಪೇಪರಿನ ವಿದೇಶ ಪುಟ ಓದಿ, ಕ್ರಿಕೆಟ್ ಆಮೇಲೆ. ಏನಾಯಿತು ಅಂತ ಇಲ್ಲೇ ಬರೆಯಿರಿ, ಕಾಕಾಗೂ ಓದಿ ಹೇಳುತ್ತೇನೆ. ಆ ಹುಡುಗಿ ಯಾವ ಪೇಪರ್ ತರಿಸ್ತಿದ್ದಳು ಅಂತ ಅವರು ಇವತ್ತಿಗೂ ಕೇಳುತ್ತಾರೆ.