ಬಂಪರ್ ಗೀರಿಗೆ ಕ್ಲೇಮ್ ಹಾಕುವ ಮುಂಚೆ ಇದನ್ನು ಓದಿ

ತಂಗಿಗೆ ಲೈಸೆನ್ಸ್ ಸಿಕ್ಕಿ ಎರಡೇ ವಾರ, ಪುಣೆಯ ಕೋಥ್ರುಡ್ ಸೊಸೈಟಿ ಪಾರ್ಕಿಂಗ್‌ನ ಕಂಬಕ್ಕೆ ಬಂಪರ್ ಉಜ್ಜಿದ್ದಾಳೆ, ನಾಳೆ ಕ್ಲೇಮ್ ಹಾಕ್ತೀನಿ ಅಂದಿದ್ದೀರಿ. ದಯವಿಟ್ಟು ಬೇಡ. ಇದೇ ತಪ್ಪು ನಾನೂ ಮಾಡಿದ್ದೇನೆ.

ನನ್ನ ಮಗ ಹೊಸದಾಗಿ ಕಾರು ಕಲಿತ ವರ್ಷ. ಗೇಟಿಗೆ ತಾಗಿಸಿದ. ಗ್ಯಾರೇಜಿನವರು "ಇನ್ಶೂರೆನ್ಸ್ ಇದೆಯಲ್ಲ, ಯಾಕೆ ಯೋಚನೆ" ಅಂದರು. ಬಿಲ್ಲು 6,000. ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ಸವಕಳಿ ಕಳೆದರು, ಕಡ್ಡಾಯ ಕಡಿತ (ನಾವೇ ಭರಿಸಬೇಕಾದ ಪಾಲು) 1,000 ಬೇರೆ. ಕಂಪನಿ ಕೊಟ್ಟಿದ್ದು 2,300. ಆಗ ನನ್ನ ಎನ್‌ಸಿಬಿ (ನೋ ಕ್ಲೇಮ್ ಬೋನಸ್, ಕ್ಲೇಮ್ ಹಾಕದ್ದಕ್ಕೆ ಸಿಗುವ ರಿಯಾಯಿತಿ) ಶೇ. 35 ಇತ್ತು, ರಿನ್ಯೂವಲ್‌ಗೆ 45 ಆಗಬೇಕಿತ್ತು. ಸೀದಾ ಸೊನ್ನೆ! ಓಡಿ (ಓನ್ ಡ್ಯಾಮೇಜ್, ನಮ್ಮದೇ ಗಾಡಿಯ ಹಾನಿಯ ಭಾಗ) ಪ್ರೀಮಿಯಂ 4,950 ಕಟ್ಟಬೇಕಿದ್ದವನು 9,000 ಕಟ್ಟಿದೆ, ಮೇಲೆ ಜಿಎಸ್‌ಟಿ. ಮತ್ತೆ 20, 25, 35, 45 ಅಂತ ಮೆಟ್ಟಿಲು ಹತ್ತಿ 50 ಮುಟ್ಟಲು ಕ್ಲೇಮಿಲ್ಲದ ಐದು ವರ್ಷ ಬೇಕಾಯಿತು. ಜೀರೋ ಡೆಪ್ (ಸವಕಳಿ ಕಳೆಯದ ಆಡ್-ಆನ್) ಇದ್ದರೂ ಎನ್‌ಸಿಬಿ ಹೋಗುತ್ತದೆ. ಏಜೆಂಟರು ಇದನ್ನು ಬಾಯಿಬಿಟ್ಟು ಹೇಳಲ್ಲ. ಎನ್‌ಸಿಬಿ ಉಳಿಸುವ ಆಡ್-ಆನ್ 'ಎನ್‌ಸಿಬಿ ಪ್ರೊಟೆಕ್ಟ್' ತಗೊಂಡಿದ್ದರೆ ಲೆಕ್ಕ ಬೇರೆ, ಪಾಲಿಸಿ ತೆಗೆದು ನೋಡಿ. ಹೆಡ್‌ಲೈಟ್, ಬಾನೆಟ್ ಸೇರಿ ಬಿಲ್ಲು ಮೂವತ್ತು ಸಾವಿರ ದಾಟಿದರೆ ಧಾರಾಳವಾಗಿ ಹಾಕಿ.

ಗೀರು ಮೇಲ್ಮೇಲೆ ಇದ್ದರೆ ತ್ರೀಎಂ ರಬ್ಬಿಂಗ್ ಕಾಂಪೌಂಡ್ ಸಾಕು. ಟೂತ್‌ಪೇಸ್ಟ್ ಗೀಸ್ಟ್ ಹಚ್ಚಬೇಡಿ.

ತಂಗಿಗೆ 19 ವರ್ಷ, ಪ್ರೀಮಿಯಂ ಏರುತ್ತಾ ಅಂತ ಕೇಳಿದ್ದೀರಿ. ಥರ್ಡ್ ಪಾರ್ಟಿ (ಬೇರೆಯವರಿಗೆ ಆಗುವ ಹಾನಿಯ ಭಾಗ) ರೇಟು ಸರ್ಕಾರದ್ದು, ಎಂಜಿನ್ ಸಿಸಿ ನೋಡಿ. 19ರವರಿಗೂ 60ರವರಿಗೂ ಒಂದೇ. ಓಡಿಗೆ ಮುಖ್ಯವಾಗಿ ಐಡಿವಿ (ಪಾಲಿಸಿಯಲ್ಲಿ ಗಾಡಿಗೆ ಹಾಕಿದ ಬೆಲೆ), ಸಿಸಿ, ಗಾಡಿ ಎಷ್ಟು ಹಳೆಯದು, ಯಾವ ಝೋನ್ (ಗಾಡಿ ನೋಂದಣಿಯಾದ ಊರಿನ ವಲಯ). ಪುಣೆ, ಮುಂಬೈ ಎ ಝೋನ್, ಗೋವಾ ಬಿ. ಹಾಗಂತ ಕಡಿಮೆ ರೇಟಿಗಾಗಿ ಗೋವಾ ಪಾಸಿಂಗ್ ಗಾಡಿ ತಂದು ಇಲ್ಲೇ ವರ್ಷಗಟ್ಟಲೆ ಓಡಿಸುವ ಉಪಾಯ ಯಾರೂ ಹೇಳಿಕೊಡಬೇಡಿ, 12 ತಿಂಗಳು ದಾಟಿದರೆ ಇಲ್ಲಿನ ನಂಬರ್ ಮಾಡಿಸಲೇಬೇಕು. ಕಂಪನಿಗಳು ಓಡಿಯಲ್ಲಿ ರಿಯಾಯಿತಿ ಹೆಚ್ಚುಕಡಿಮೆ ಮಾಡುತ್ತವೆ, ಮೂರು ಕಡೆ ಕೋಟ್ ತೆಗೆಸಿ.

ಗಾಡಿಯನ್ನು ಸುಮ್ನೆ ಅವಳ ಹೆಸರಿಗೆ ಮಾಡಿಸಲೂ ಹೋಗಬೇಡಿ. ಎನ್‌ಸಿಬಿ ಗಾಡಿಯದ್ದಲ್ಲ, ನಿಮ್ಮದು. ಅವಳು ಸೊನ್ನೆಯಿಂದ ಶುರು ಮಾಡಬೇಕು. ರಿನ್ಯೂವಲ್ ತಪ್ಪಿ 90 ದಿನ ದಾಟಿದರೆ ನಿಮ್ಮದೂ ಹೋಯಿತು.

ಇನ್ನೊಂದು, ಮಳೆಗಾಲಕ್ಕೆ ಮುಂಚೆ ಅವಳಿಗೆ ಹೇಳಿಡಿ. ಮುಂಬೈ ಕಡೆ ಹೋದಾಗ ಅಂಧೇರಿ ಸಬ್‌ವೇಯಂಥ ಕಡೆ ನೀರಲ್ಲಿ ಗಾಡಿ ನಿಂತರೆ ಮತ್ತೆ ಸ್ಟಾರ್ಟ್ ಮಾಡಕೂಡದು. ಎಂಜಿನ್ ಒಳಗೆ ನೀರು ಎಳೆದುಕೊಂಡು ಕೆಟ್ಟರೆ, ಎಂಜಿನ್ ಪ್ರೊಟೆಕ್ಟ್ ಇಲ್ಲದ ಪಾಲಿಸಿಯಲ್ಲಿ ಸಾಮಾನ್ಯವಾಗಿ ದುಡ್ಡು ಬರಲ್ಲ. ತಳ್ಳಿಸಿ, ಟೋ ಮಾಡಿಸಿ.