ಅಮ್ಮ ಸುಟ್ಟ ನೋಟ್‌ಬುಕ್, ಮಗಳು ಬಚ್ಚಿಡೋ ನೋಟ್‌ಬುಕ್

ಪ್ರಶ್ನೆ: ಮೇಡಂ, ನಮ್ಮೂರು ಶಿಡ್ಲಘಟ್ಟದ ಹತ್ರ, ರೇಷ್ಮೆ ಹುಳ ಸಾಕೋ ಮನೆ. ಅಮ್ಮ ಸಣ್ಣದಕ್ಕೂ ಹೊಡೀತಿದ್ಲು, ಹುಳ ಕೊನೇ ಜ್ವರ ಎದ್ದು (ಕೊನೇ ಸಲ ಪೊರೆ ಬಿಟ್ಟು) ಹಣ್ಣಾಗೋ, ಅಂದ್ರೆ ಗೂಡು ಕಟ್ಟೋಕೆ ರೆಡಿ ಆಗೋ ಟೈಮಲ್ಲಂತೂ ಕೈಗೆ ಸಿಕ್ಕಿದ್ರಲ್ಲಿ. ನಾನು ಚಂದ್ರಿಕೆ (ಹುಳ ಗೂಡು ಕಟ್ಟೋ ಬಿದಿರಿನ ತಟ್ಟೆ) ಹಿಂದೆ ಒಂದು ನೋಟ್‌ಬುಕ್ ಬಚ್ಚಿಟ್ಟು ಎಲ್ಲಾ ಬರೀತಿದ್ದೆ, ಬರೆದ್ರೆ ನಿದ್ದೆ ಬರ್ತಿತ್ತು. ಮನೇಲಿ ತೆಲುಗು, ಅಮ್ಮಂಗೆ ಕನ್ನಡ ಓದೋಕೆ ಬರಲ್ಲ ಅನ್ನೋ ಧೈರ್ಯ. ಏಳನೇ ಕ್ಲಾಸಲ್ಲಿ ಅದು ಸಿಕ್ಕಿಬಿಡ್ತು, ಪಕ್ಕದ ಮನೆ ಹುಡುಗನ ಕೈಲಿ ಎಲ್ಲರ ಮುಂದೆ ಓದಿಸಿ ನೀರೊಲೆಗೆ ಹಾಕಿದ್ಲು. ಆಮೇಲೆ ಬರೆದೇ ಇಲ್ಲ. ಈಗ ನನ್ನ 11 ವರ್ಷದ ಮಗಳು ನಾನು ಬಂದ್ರೆ ನೋಟ್‌ಬುಕ್ ದಿಂಬಿನ ಕೆಳಗೆ ತಳ್ತಾಳೆ. ಓದ್ಲಾ?

ಉತ್ತರ: ಓದ್ಬೇಡಿ. ಸುಟ್ಟಿದ್ದಕ್ಕಿಂತ ಎಲ್ಲರ ಮುಂದೆ ಓದಿಸಿದ್ದೇ ನಿಮಗೆ ಜಾಸ್ತಿ ನೋವು ಕೊಟ್ಟಿದೆ ಅಂತ ನಿಮ್ಮ ಪತ್ರ ಓದಿದ್ರೆ ಅನ್ಸುತ್ತೆ. ಮಗಳು ಊಟ ಬಿಟ್ಟಿದ್ರೆ, ಸಾಯೋ ಮಾತಾಡಿದ್ರೆ, ಮೈಮೇಲೆ ಗಾಯ ಕಂಡ್ರೆ ಅದು ಬೇರೆ ವಿಷಯ, ಆಗ್ಲೂ ಕದ್ದು ಓದೋ ಬದಲು ಪಕ್ಕದಲ್ಲಿ ಕೂತು ನೇರವಾಗಿ ಕೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.

ಬರೆದ್ರೆ ನಿದ್ದೆ ಬರ್ತಿತ್ತು ಅಂದ್ರಲ್ಲ, ಅದು ಸುಮ್ನೆ ಅಲ್ಲ. ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಅನ್ನೋ ಮನಶ್ಶಾಸ್ತ್ರಜ್ಞರು 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ಹುಡುಗ ಹುಡುಗೀರು ದಿನಕ್ಕೆ 15 ನಿಮಿಷದಂತೆ 4 ದಿನ ತಮ್ಮ ದೊಡ್ಡ ನೋವಿನ ಬಗ್ಗೆ ಬರೆದ್ರು, ಬರೆದ ತಕ್ಷಣ ಮನಸ್ಸು ಇನ್ನೂ ಭಾರ ಆಯ್ತು, ಆದ್ರೆ ಮುಂದಿನ ತಿಂಗಳುಗಳಲ್ಲಿ ಘಟನೆ ಜೊತೆ ಭಾವನೆನೂ ಬರೆದೋರು ಡಾಕ್ಟರ ಹತ್ರ ಹೋಗಿದ್ದು ಕಮ್ಮಿ. ಹಾಗಂತ ಇದು ಎಲ್ಲರಿಗೂ ಒಂದೇ ಥರ ಕೆಲಸ ಮಾಡಲ್ಲ, ಒಂದೇ ಬೈಗುಳನ ದಿನಾ ಬರೀತಿದ್ರೆ ಹುಣ್ಣು ಕೆರ್ಕೊಂಡ ಹಾಗೆ.

ಇನ್ನೊಂದು ಗಮನಿಸಿದೆ. ಹುಳ ಹಣ್ಣಾಗೋ ಟೈಮಲ್ಲಿ ಹೊಡೆತ ಜಾಸ್ತಿ ಅಂತ ನೀವೇ ಬರೆದಿದ್ದೀರ. ಕೊನೇ ಜ್ವರ ಎದ್ದ ಮೇಲೆ ಹಣ್ಣಾಗೋವರೆಗಿನ ಆ ಏಳೆಂಟು ದಿನ ಹುಳಕ್ಕೆ ಎಷ್ಟು ಸೊಪ್ಪು ಹಾಕಿದ್ರೂ ಸಾಲಲ್ಲ, ಮನೆ ಹೆಂಗಸ್ರಿಗೆ ರಾತ್ರಿ ನಿದ್ದೆ ಇರಲ್ಲ, ಬೆಳೆ ಕೈ ಕೊಟ್ರೆ ಸಾಲ. ಇದರಿಂದ ಹೊಡೆದಿದ್ದು ಸರಿ ಆಗಲ್ಲ, ಕ್ಷಮಿಸ್ಬಿಡಿ ಅಂತ ನಾನು ಹೇಳ್ತಾನೂ ಇಲ್ಲ (ಆ ಮಾತು ಹೇಳೋಕೆ ನಮ್ಮಲ್ಲಿ ಬೇಕಾದಷ್ಟು ನೆಂಟ್ರಿದ್ದಾರೆ). ಆದ್ರೆ ನೋಡಿ, ಏಳನೇ ಕ್ಲಾಸಿನ ಹುಡುಗಿಗೆ ಕಾಣದೇ ಇದ್ದಿದ್ದು ಒಂದು ಪತ್ರ ಬರೆಯೋ ಹೊತ್ತಿಗೆ ನಿಮ್ಮ ಕೈಯಿಂದಲೇ ಬಂತು.

ಹಾಗಾಗಿ ನೀವೂ ಮತ್ತೆ ಶುರು ಮಾಡಿ. ಸುಟ್ಟು ಹೋದ ನೋಟ್‌ಬುಕ್‌ನಲ್ಲಿ ಏನಿತ್ತು ಅನ್ನೋದ್ರಿಂದಲೇ, ತೆಲುಗು ಬಂದ್ರೆ ತೆಲುಗು ಕನ್ನಡ ಬಂದ್ರೆ ಕನ್ನಡ, ಕಾಗುಣಿತ ನೋಡ್ಬೇಡಿ, ಅಮ್ಮಂಗೆ ಓದಿ ಹೇಳೋಕೂ ಹೋಗ್ಬೇಡಿ. ಬರೀತಾ ಎದೆ ಹೊಡ್ಕೊಂಡ್ರೆ, ನಿದ್ದೆ ಹೋದ್ರೆ ನಿಲ್ಸಿ ಕೌನ್ಸೆಲರ್ ಹತ್ರ ಹೋಗಿ. ಮಗಳ ವಿಷಯಕ್ಕೆ, ಸಂತೆಯಲ್ಲಿ ಬೀಗ ಇರೋ ಸಣ್ಣ ಟ್ರಂಕ್ ಸಿಗುತ್ತಲ್ಲ, ಅದೊಂದು ತಂದು ಎರಡು ಕೀನೂ ಅವಳ ಕೈಗೇ ಕೊಡಿ.